ಅಮೀರ್ ಮಾಡಿದ ತಪ್ಪು ಯಾವುದು, ಅದು ತೀರಿತಾ?

ಪ್ರಶ್ನೆ: ನಾನು ಮದ್ದೂರು ಕಡೆಯವಳು. ಪ್ರೈಮರಿ ಶಾಲೆಯಲ್ಲಿ ಟೀಚರ್. ಬೇಸಿಗೆ ರಜೆಯಲ್ಲಿ ಖಾಲಿದ್ ಹೊಸೇನಿ ಅವರ 'ದಿ ಕೈಟ್ ರನ್ನರ್' ಕಾದಂಬರಿ ಓದಿದೆ. ಅಮೀರ್ ಕೊನೆಗೆ ಜೀವದ ಹಂಗು ತೊರೆದು ಹಸನ್‌ನ ಮಗನನ್ನು ಕಾಪಾಡುತ್ತಾನಲ್ಲ, ಅಲ್ಲಿಗೆ ಅವನ ಪಾಪ ತೀರಿತು ಅಂತ ನಮ್ಮ ಶಾಲೆಯ ಮೇಷ್ಟ್ರೊಬ್ಬರು ಹೇಳುತ್ತಾರೆ. ನನಗೆ ಒಪ್ಪಿಗೆಯಾಗುತ್ತಿಲ್ಲ. ಹಸನ್ ಸತ್ತೇ ಹೋದ ಮೇಲೆ ತೀರುವುದು ಹೇಗೆ? ಕೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದವರ ಮಗಳು ನನ್ನ ಗೆಳತಿ. ಒಂದು ದಿನ ಅಮ್ಮನ ಓಲೆ ಕಾಣೆಯಾಯಿತು. ಅನುಮಾನ ಅವಳ ಮೇಲೆ ಹೋಯಿತು, ತಾಯಿ ಮಗಳಿಬ್ಬರನ್ನೂ ಬಿಡಿಸಿದರು. ಆಮೇಲೆ ಓಲೆ ಟ್ರಂಕಿನ ಹಿಂದೆ ನನ್ನ ಕೈಗೇ ಸಿಕ್ಕಿತು. ಭಯಕ್ಕೆ ತಗೊಂಡುಹೋಗಿ ನಾಲೆಗೆ ಹಾಕಿಬಿಟ್ಟೆ. ಇವತ್ತಿಗೂ ನಮ್ಮನೆಯಲ್ಲಿ ಅವಳನ್ನು ನೆನೆಯುವುದು 'ಓಲೆ ಕದ್ದವಳು' ಅಂತಲೇ. ಅವಳು ಈಗ ಮೈಸೂರಿನಲ್ಲಿದ್ದಾಳಂತೆ. ಹುಡುಕಿಕೊಂಡು ಹೋಗಲಾ? ಹಾಗೇ, ಪಿಯುಸಿ ಓದುವ ನನ್ನ ಮಗಳಿಗೆ ಈ ಪುಸ್ತಕ ಕೊಡಬಹುದಾ?

ಉತ್ತರ: ಮೊದಲು ಅಮೀರ್ ಮಾಡಿದ ತಪ್ಪು ಯಾವುದು ಅಂತ ನೋಡೋಣ. ನಿಮಗೂ ಆ ಮೇಷ್ಟ್ರಿಗೂ ಹೊಂದದೆ ಇರುವುದು ಅಲ್ಲೇ ಅನ್ನಿಸುತ್ತದೆ ನನಗೆ.

ಓದದವರಿಗಾಗಿ ಕಥೆ ಸ್ವಲ್ಪದರಲ್ಲಿ ಹೇಳುತ್ತೇನೆ. ಕಾಬೂಲ್ ನಗರ, 1970ರ ದಶಕ. ಅಮೀರ್ ಸಾಹುಕಾರನ ಮಗ, ಅಲ್ಲಿ ಮೇಲುಗೈ ಇದ್ದ ಪಶ್ತೂನ್ ಜನಾಂಗದವನು, ಸುನ್ನಿ. ಹಸನ್ ಅದೇ ಮನೆಯ ಆಳು ಅಲಿಯ ಮಗ, ಅಲ್ಲಿಯವರು ಕೀಳಾಗಿ ಕಾಣುತ್ತಿದ್ದ ಹಜಾರಾ ಜನಾಂಗದವನು, ಶಿಯಾ. ಇಬ್ಬರೂ ಒಬ್ಬಳೇ ದಾದಿಯ ಹಾಲು ಕುಡಿದವರು. ಆದರೆ ಒಬ್ಬ ಮಲಗುವುದು ಬಂಗಲೆಯಲ್ಲಿ, ಇನ್ನೊಬ್ಬ ಹಿತ್ತಲಿನ ಮಣ್ಣಿನ ಗುಡಿಸಲಲ್ಲಿ. ಒಬ್ಬ ಶಾಲೆಗೆ ಹೋಗುತ್ತಾನೆ, ಇನ್ನೊಬ್ಬ ಅವನಿಗೆ ತಿಂಡಿ ಮಾಡಿ ಬಟ್ಟೆ ಇಸ್ತ್ರಿ ಮಾಡಿ ಕಳಿಸುತ್ತಾನೆ. 1975ರ ಚಳಿಗಾಲದಲ್ಲಿ ಊರಿನ ಗಾಳಿಪಟ ಪಂದ್ಯ. ನಮ್ಮ ಕಡೆ ಆಷಾಢದ ಗಾಳಿಗೆ ಬಾಲಂಗೋಚಿ ಕಟ್ಟಿ ಹಾರಿಸುವಂಥ ಪಟ ಅಲ್ಲ ಅದು, ದಾರಕ್ಕೆ ಗಾಜಿನ ಪುಡಿ ಹಚ್ಚಿ ಒಬ್ಬರ ಪಟ ಇನ್ನೊಬ್ಬರು ಕೊಯ್ಯುವ ಆಟ. ಕೊನೆಯಲ್ಲಿ ಕೊಯ್ದ ಪಟವನ್ನು ಓಡಿ ಹಿಡಿದವನಿಗೆ ದೊಡ್ಡ ಮರ್ಯಾದೆ. ಅಮೀರ್ ಗೆಲ್ಲುತ್ತಾನೆ. ಅವನಿಗಾಗಿ ಆ ನೀಲಿ ಪಟ ತರಲು ಹಸನ್ ಓಡುತ್ತಾನೆ. ಒಂದು ಗಲ್ಲಿಯಲ್ಲಿ ಅಸೆಫ್ ಅನ್ನುವ ಪುಂಡ ಮತ್ತು ಅವನ ಇಬ್ಬರು ಜೊತೆಗಾರರು ಅವನನ್ನು ಅಡ್ಡ ಹಾಕುತ್ತಾರೆ. ಪಟ ಕೊಟ್ಟರೆ ಬಿಡ್ತೀವಿ ಅಂತಾರೆ. ಹಸನ್ ಕೊಡುವುದಿಲ್ಲ. ಅಸೆಫ್ ಅವನ ಮೇಲೆ ಅತ್ಯಾಚಾರ ಮಾಡುತ್ತಾನೆ. ಗಲ್ಲಿಯ ತುದಿಯಲ್ಲಿ ನಿಂತು ನೋಡುತ್ತಿದ್ದ ಅಮೀರ್ ಅಲ್ಲಿಂದ ಓಡಿಹೋಗುತ್ತಾನೆ.

ಸಾಮಾನ್ಯವಾಗಿ ಎಲ್ಲರೂ ತಪ್ಪು ಅಂತ ಹಿಡಿಯುವುದು ಇದನ್ನೇ. ನಾನು ಇದನ್ನು ಅಷ್ಟು ದೊಡ್ಡದು ಮಾಡುವುದಿಲ್ಲ. ಹನ್ನೆರಡು ವರ್ಷದ ಹುಡುಗ ಹೆದರಿದ. ಹೆದರಿಕೆ ಜೊತೆಗೆ ಒಂದು ಕೆಟ್ಟ ಆಸೆಯೂ ಇತ್ತು, ಆ ಪಟ ಸಿಕ್ಕರೆ ಅಪ್ಪ ತನ್ನನ್ನು ಮೆಚ್ಚುತ್ತಾನೆ ಅಂತ, ಅದನ್ನು ಅವನೇ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಆದರೂ ಅದು ಆ ಕ್ಷಣದ ಹೇಡಿತನ.

ನನ್ನ ಪ್ರಕಾರ ನಿಜವಾದ ತಪ್ಪು ಆಮೇಲೆ ಶುರುವಾಗುತ್ತದೆ. ಹಸನ್ ಏನೂ ಆಗಿಲ್ಲ ಅನ್ನುವ ಹಾಗೆ ದಿನಾ ಬೆಳಿಗ್ಗೆ ಅದೇ ತಿಂಡಿ ತಂದಿಡುತ್ತಾನೆ, ಬಟ್ಟೆ ಮಡಚಿಡುತ್ತಾನೆ. ಅಮೀರ್‌ಗೆ ಅವನ ಮುಖ ನೋಡೋಕೆ ಆಗುವುದಿಲ್ಲ. ಗುಡ್ಡದ ಮೇಲಿನ ದಾಳಿಂಬೆ ಮರದ ಹತ್ತಿರ ಕರೆದುಕೊಂಡು ಹೋಗಿ ಅವನ ಮೇಲೆ ಹಣ್ಣು ಎಸೆಯುತ್ತಾನೆ. ಒಂದಾದ ಮೇಲೆ ಒಂದು. ಹೊಡಿ, ನೀನೂ ತಿರುಗಿ ಹೊಡಿ ಅಂತ ಕಿರುಚುತ್ತಾನೆ. ಹಸನ್ ಮೈಯೆಲ್ಲ ಕೆಂಪಾಗಿ ನಿಂತವನು ಒಂದು ಹಣ್ಣು ಎತ್ತಿಕೊಂಡು, ಒಡೆದು, ತನ್ನ ಹಣೆಗೇ ಜಜ್ಜಿಕೊಂಡು, ಈಗ ಸಮಾಧಾನ ಆಯ್ತಾ ಅನ್ನುವ ಹಾಗೆ ಕೇಳಿ ಗುಡ್ಡ ಇಳಿದು ಹೋಗುತ್ತಾನೆ. ಆ ಪುಟವನ್ನು ಇನ್ನೊಂದು ಸಲ ಓದಿ ನೋಡಿ. ಅಮೀರ್‌ಗೆ ಅಲ್ಲಿ ಬೇಕಾಗಿರುವುದು ಶಿಕ್ಷೆ. ಹಸನ್ ನಾಲ್ಕು ಬಾರಿಸಿದ್ದರೆ ಲೆಕ್ಕ ಚುಕ್ತಾ ಆಗಿ ರಾತ್ರಿ ನಿದ್ದೆ ಬರುತ್ತಿತ್ತು. ಅವನು ಬಾರಿಸಲಿಲ್ಲ. ಅದಕ್ಕೇ ಮುಂದಿನ ಬೇಸಿಗೆಯಲ್ಲಿ ಅಮೀರ್ ತನ್ನ ಹುಟ್ಟುಹಬ್ಬಕ್ಕೆ ಬಂದ ಹೊಸ ವಾಚು, ಒಂದಿಷ್ಟು ನೋಟು ತಗೊಂಡುಹೋಗಿ ಹಸನ್‌ನ ಹಾಸಿಗೆ ಕೆಳಗೆ ಇಟ್ಟು, ಕಳ್ಳತನ ಆಗಿದೆ ಅಂತ ಅಪ್ಪನಿಗೆ ಹೇಳುತ್ತಾನೆ.

ಗಲ್ಲಿಯಲ್ಲಿ ಓಡಿಹೋದದ್ದು ಭಯಕ್ಕೆ. ವಾಚು ಇಟ್ಟದ್ದು ಯೋಚನೆ ಮಾಡಿ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು. ಅದನ್ನು ಮಾಡಿಸಿದ್ದು ಯಾವುದು ಅಂದರೆ ಆ ಪಾಪಪ್ರಜ್ಞೆಯೇ. ನಾವೆಲ್ಲ ಏನು ಅಂದುಕೊಂಡಿರುತ್ತೇವೆ? ಮನಸ್ಸು ಚುಚ್ಚಿದರೆ ಮನುಷ್ಯ ಒಳ್ಳೆಯವನಾಗುತ್ತಾನೆ ಅಂತ ಅಲ್ವಾ? ಹೊಸೇನಿ ತೋರಿಸುವುದು ಅದರ ಉಲ್ಟಾ. ಬಾಯಿ ಬಿಡದೆ ಒಳಗೇ ಇಟ್ಟುಕೊಂಡರೆ ನಾವು ಅನ್ಯಾಯ ಮಾಡಿದವರೇ ನಮಗೆ ಕಣ್ಣಿಗೆ ಬಿದ್ದ ಕಸ ಆಗಿಬಿಡುತ್ತಾರೆ, ಅವರು ಎದುರಿಗೆ ಇಲ್ಲದಿದ್ದರೆ ಸಾಕು ಅನ್ನಿಸುತ್ತದೆ. ಈ ಕಾದಂಬರಿಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ನಿಜ ಅನ್ನಿಸಿರುವ ಭಾಗ ಇದು.

ಕದ್ದೆಯಾ ಅಂತ ಕೇಳಿದಾಗ ಹಸನ್ ಹೌದು ಅನ್ನುತ್ತಾನೆ. ಅಮೀರ್‌ಗೆ ಆಗಲೇ ಗೊತ್ತಾಗುತ್ತದೆ, ಗಲ್ಲಿಯಲ್ಲಿ ತಾನು ನಿಂತಿದ್ದು ಹಸನ್‌ಗೆ ಗೊತ್ತಿತ್ತು, ಗೊತ್ತಿದ್ದೂ ಈಗ ತನ್ನನ್ನು ಉಳಿಸುತ್ತಿದ್ದಾನೆ ಅಂತ. ಕಳ್ಳತನಕ್ಕಿಂತ ದೊಡ್ಡ ಪಾಪ ಇಲ್ಲ ಅಂತ ಮಗನಿಗೆ ಹೇಳಿಕೊಟ್ಟಿದ್ದ ಅಪ್ಪ, ಕ್ಷಮಿಸಿದೆ ಅಂದುಬಿಡುತ್ತಾನೆ. ಆ ಮಾತು ಯಾಕೆ ಬಂತು ಅನ್ನುವುದು ನಮಗೆ ತಿಳಿಯುವುದು ಬಹಳ ಪುಟಗಳಾದ ಮೇಲೆ. ಹಸನ್ ಅವನದೇ ಮಗ, ಅಮೀರ್‌ಗೆ ತಮ್ಮ. ಕಳ್ಳತನವನ್ನು ಅಷ್ಟು ದ್ವೇಷಿಸಿದವನೇ ಒಬ್ಬ ಹುಡುಗನಿಂದ ಅಪ್ಪನನ್ನು ಕದ್ದಿದ್ದ. ಅನಾಥಾಶ್ರಮ ಕಟ್ಟಿಸಿದ್ದು, ಹಸನ್‌ನ ಸೀಳುತುಟಿ ಸರಿಮಾಡಿಸಲು ಭಾರತದಿಂದ ಪ್ಲಾಸ್ಟಿಕ್ ಸರ್ಜನ್ ಕರೆಸಿದ್ದು, ಎಲ್ಲಾ ಆ ಋಣದ ಬಡ್ಡಿ. ಅಸಲು ಮಾತ್ರ ಕೊಡಲಿಲ್ಲ. ಅಮೀರ್‌ನನ್ನು ಕರೆದುಕೊಂಡು ಕಾಬೂಲ್ ಬಿಟ್ಟು ಅಮೆರಿಕಕ್ಕೆ ಹೋದವನು ಅಲ್ಲೇ ಕ್ಯಾನ್ಸರ್ ಬಂದು ಸತ್ತ, ಮಗನಿಗೂ ಹೇಳದೆ.

ಇದರಲ್ಲಿ ನಮಗೆ ಹೊಸದು ಏನಿದೆ ಹೇಳಿ. ತಪ್ಪುಕಾಣಿಕೆ ಅಂತ ನಾವು ಹಾಕುವುದಿಲ್ಲವೇ? ಅರಿಶಿನದ ಬಟ್ಟೆಯಲ್ಲಿ ದುಡ್ಡು ಕಟ್ಟಿಟ್ಟು, ನಂಜನಗೂಡಿಗೋ ಮಾದಪ್ಪನ ಬೆಟ್ಟಕ್ಕೋ ಹೋದಾಗ ಹುಂಡಿಗೆ ಹಾಕಿ ಕೆನ್ನೆ ಬಡಿದುಕೊಂಡು ಬರುತ್ತೇವೆ. ದೇವರಿಗೆ ತಪ್ಪಿದ್ದಾದರೆ ಅಲ್ಲಿಗೆ ಮುಗಿಯಿತು. ಪಕ್ಕದ ಬೀದಿಯವರಿಗೆ ತಪ್ಪಿದ್ದನ್ನೂ ಅದೇ ಹುಂಡಿಗೆ ಹಾಕಿ ಬರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಮೀರನ ಅಪ್ಪನದು ಈ ಜಾತಿ.

ಈಗ ನಿಮ್ಮ ಮೇಷ್ಟ್ರ ಮಾತಿಗೆ ಬರೋಣ. 2001ರಲ್ಲಿ, ಅಂದರೆ 26 ವರ್ಷ ಆದ ಮೇಲೆ, ಅಪ್ಪನ ಸ್ನೇಹಿತ ರಹೀಮ್ ಖಾನ್ ಪೇಶಾವರದಿಂದ ಫೋನ್ ಮಾಡಿ ಕರೆಸಿಕೊಳ್ಳುತ್ತಾನೆ. ಹಸನ್ ಮತ್ತು ಅವನ ಹೆಂಡತಿಯನ್ನು ತಾಲಿಬಾನಿನವರು ಕೊಂದಿದ್ದಾರೆ. ಅವನ ಮಗ ಸೊಹ್ರಾಬ್ ಕಾಬೂಲಿನ ಅನಾಥಾಶ್ರಮದಲ್ಲಿದ್ದಾನೆ, ಹೋಗಿ ಕರೆದುಕೊಂಡು ಬಾ ಅನ್ನುತ್ತಾನೆ. ಅಮೀರ್ ಹೋಗುತ್ತಾನೆ. ಹುಡುಗ ಅಷ್ಟರಲ್ಲಿ ಅದೇ ಅಸೆಫ್‌ನ ಕೈಯಲ್ಲಿದ್ದಾನೆ, ಅಸೆಫ್ ಈಗ ತಾಲಿಬಾನ್ ಮುಖಂಡ. ಬೆರಳಿಗೆ ಹಿತ್ತಾಳೆಯ ಪಟ್ಟಿ ಹಾಕಿಕೊಂಡು ಅಮೀರ್‌ನ ಪಕ್ಕೆಲುಬು ಮುರಿಯುವ ಹಾಗೆ ಹೊಡೆಯುತ್ತಾನೆ. ಕೊನೆಗೆ ಆ ಪುಟ್ಟ ಹುಡುಗ ಕ್ಯಾಟರ್‌ಬಿಲ್ಲಿನಿಂದ ಅಸೆಫ್‌ನ ಕಣ್ಣಿಗೆ ಹೊಡೆದು ಇಬ್ಬರೂ ತಪ್ಪಿಸಿಕೊಳ್ಳುತ್ತಾರೆ.

ಪಾಪ ತೀರಿತು ಅಂತ ಮೇಷ್ಟ್ರು ಹೇಳುವುದು ಈ ಜಾಗದಲ್ಲಿ ಇರಬೇಕು. ಆದರೆ ಒಂದು ಗಮನಿಸಿ. ಏಟು ತಿನ್ನುವಾಗ ಅಮೀರ್ ನಗುತ್ತಾನೆ. ನೋವಾದಷ್ಟೂ ಜೋರಾಗಿ ನಗುತ್ತಾನೆ. ದಾಳಿಂಬೆ ಮರದ ಕೆಳಗೆ ಬೇಡಿ ಸಿಗದೆ ಇದ್ದ ಏಟು ಈಗ ಸಿಕ್ಕಿತು. ಇದು ಅವನಿಗೆ ಸಿಕ್ಕ ನೆಮ್ಮದಿ. ಅವನ ಮೈಗೆ ಬಿದ್ದ ಏಟಿನಿಂದ ಹಸನ್‌ಗೆ ಏನು ಬಂತು, ಸೊಹ್ರಾಬ್‌ಗೆ ಏನು ಬಂತು? ಇನ್ನೂ ನೇರವಾಗಿ ಹೇಳಬೇಕೆಂದರೆ ಇಲ್ಲಿ ಕಾಪಾಡಿದವನು ಅಮೀರ್ ಅಲ್ಲ, ಹುಡುಗ. ಹಸನ್ ಒಂದು ಕಾಲದಲ್ಲಿ ಅಮೀರ್‌ನನ್ನು ಅದೇ ಅಸೆಫ್‌ನಿಂದ ಕ್ಯಾಟರ್‌ಬಿಲ್ಲು ಹಿಡಿದೇ ಉಳಿಸಿದ್ದ, ಈಗ ಅವನ ಮಗ. ಈ ಹೊಂದಾಣಿಕೆ ನನಗೆ ಸ್ವಲ್ಪ ಅತಿಯಾಯಿತು, ಸಿನಿಮಾದಂತಾಯಿತು. ಏಟಿಗೆ ಅಮೀರ್‌ನ ಮೇಲ್ತುಟಿ ಸರಿಯಾಗಿ ನಡುವೆ ಸೀಳಿ ಹಸನ್‌ನ ತುಟಿಯ ಹಾಗೇ ಆಗುವುದಂತೂ ಇನ್ನೂ ಅತಿ. ಅದಕ್ಕಿಂತ ಹಿಂದೆ ಬರುವ ಒಂದು ಸಣ್ಣ ವಿಷಯ ಚೆನ್ನಾಗಿದೆ: ದಾರಿಯಲ್ಲಿ ಒಂದು ರಾತ್ರಿ ತಂಗಿದ ಬಡವರ ಮನೆಯಲ್ಲಿ, ಮಕ್ಕಳು ಊಟವಿಲ್ಲದೆ ಇರುವುದು ಗೊತ್ತಾಗಿ, ಅಮೀರ್ ಯಾರಿಗೂ ಕಾಣದ ಹಾಗೆ ಹಾಸಿಗೆ ಕೆಳಗೆ ದುಡ್ಡು ಇಟ್ಟು ಬರುತ್ತಾನೆ. ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾನೆ.

ಹುಡುಗನನ್ನು ಬಿಡಿಸಿಕೊಂಡ ಮೇಲೆ ಕಾದಂಬರಿ ಮುಗಿಸಬಹುದಿತ್ತು. ಹೊಸೇನಿ ಮುಗಿಸುವುದಿಲ್ಲ, ನನಗೆ ಅವರ ಮೇಲೆ ಗೌರವ ಬಂದದ್ದು ಇದಕ್ಕೇ. ಇಸ್ಲಾಮಾಬಾದಿನಲ್ಲಿ ದತ್ತು ತಗೊಳ್ಳುವ ಕಾಗದಪತ್ರದ ತಾಪತ್ರಯ ಶುರುವಾಗುತ್ತದೆ. ಅಪ್ಪ ಅಮ್ಮ ಸತ್ತಿದ್ದಕ್ಕೆ ದಾಖಲೆ ಎಲ್ಲಿ ಅಂತ ಕೇಳುತ್ತಾರೆ, ಯುದ್ಧದ ದೇಶದಲ್ಲಿ ಮರಣ ಪ್ರಮಾಣಪತ್ರ ಎಲ್ಲಿಂದ ತರುವುದು. ಇನ್ನು ಯಾವತ್ತೂ ನಿನ್ನನ್ನು ಅನಾಥಾಶ್ರಮಕ್ಕೆ ಕಳಿಸುವುದಿಲ್ಲ ಅಂತ ಮಾತು ಕೊಟ್ಟಿದ್ದ ಅಮೀರ್, ಸ್ವಲ್ಪ ದಿನ ಅಲ್ಲಿರಬೇಕಾಗಬಹುದು ಅಂದುಬಿಡುತ್ತಾನೆ. ಹುಡುಗ ಬಚ್ಚಲಿಗೆ ಹೋಗಿ ಕೈ ಕೊಯ್ದುಕೊಳ್ಳುತ್ತಾನೆ. ಬದುಕುತ್ತಾನೆ, ಆದರೆ ಮಾತು ನಿಲ್ಲಿಸುತ್ತಾನೆ. ಕೆಟ್ಟವನನ್ನು ಎದುರಿಸಿ ಗೆದ್ದು ಬಂದವನು, ಕೊಟ್ಟ ಒಂದು ಮಾತು ಉಳಿಸಿಕೊಳ್ಳಲಾಗದೆ ಸೋತ. ಅಮೀರ್ ಒಬ್ಬ ವೀರನಾಗಿ ಊರಿಗೆ ಮರಳುವ ಕಥೆ ಇದಾಗಿದ್ದರೆ ಈ ಅಧ್ಯಾಯವೇ ಇರುತ್ತಿರಲಿಲ್ಲ.

ಹಾಗಾದರೆ ಉದ್ಧಾರ ಎಲ್ಲಿದೆ? ನಾನು ಎರಡು ಜಾಗ ತೋರಿಸುತ್ತೇನೆ. ಒಂದು, ಇಸ್ಲಾಮಾಬಾದಿನಿಂದ ಹೆಂಡತಿ ಸೊರಾಯಾಗೆ ಫೋನ್ ಮಾಡಿ ಎಲ್ಲವನ್ನೂ ಹೇಳುವುದು. ಅವಳು ಮದುವೆಗೆ ಮುಂಚೆಯೇ ತನ್ನ ಹಳೆಯ ಕಥೆಯನ್ನು ಇವನಿಗೆ ಹೇಳಿ ಹಗುರಾಗಿದ್ದಳು. ಇವನು ಆಗಲೂ ಹೇಳಿರಲಿಲ್ಲ. ಹೇಳೋಕೆ ಹದಿನೈದು ವರ್ಷದ ಸಂಸಾರ ಬೇಕಾಯಿತು. ಇನ್ನೊಂದು, ಅಮೆರಿಕಕ್ಕೆ ಬಂದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಮಾವ ಜನರಲ್ ಸಾಹೇಬರು, ಈ ಹಜಾರಾ ಹುಡುಗ ನಮ್ಮ ಮನೆಯಲ್ಲಿ ಯಾಕೆ, ಜನ ಕೇಳಿದರೆ ಏನು ಹೇಳಲಿ ಅನ್ನುತ್ತಾರೆ. ಅಮೀರ್ ನಿಧಾನಕ್ಕೆ, ಎಲ್ಲರೂ ಕೇಳುವ ಹಾಗೆ ಹೇಳುತ್ತಾನೆ: ನಮ್ಮಪ್ಪ ಆಳಿನ ಹೆಂಡತಿಯ ಜೊತೆ ಮಲಗಿದ್ದರು, ಅವರಿಗೆ ಹುಟ್ಟಿದವನು ಹಸನ್, ಇವನು ನನ್ನ ತಮ್ಮನ ಮಗ, ಇವನಿಗೊಂದು ಹೆಸರಿದೆ, ಇನ್ನೊಂದು ಸಲ ನನ್ನೆದುರಿಗೆ ಹಜಾರಾ ಹುಡುಗ ಅನ್ನಬೇಡಿ. ಅಲ್ಲಿ ರಕ್ತ ಇಲ್ಲ, ಹೊಡೆದಾಟ ಇಲ್ಲ. ಆದರೆ ಅಪ್ಪ ಸಾಯುವ ತನಕ ಕಾಪಾಡಿಕೊಂಡಿದ್ದ ಮರ್ಯಾದೆಯನ್ನು ಮಗ ಊಟದ ಮೇಜಿನ ಮೇಲೆ ಇಟ್ಟುಬಿಟ್ಟ. ಗಲ್ಲಿಯಲ್ಲಿ ಬಾಯಿ ಬರದೆ ಇದ್ದವನಿಗೆ ಬಾಯಿ ಬಂದದ್ದು ಅಲ್ಲಿ. ಸೊಹ್ರಾಬ್ ಆಗಲೂ ಮಾತಾಡುವುದಿಲ್ಲ, ತಿಂಗಳುಗಟ್ಟಲೆ ಮಾತಾಡುವುದಿಲ್ಲ. ಅಮೀರ್ ಏನೂ ಕೇಳದೆ ಜೊತೆಗಿರುತ್ತಾನೆ. 2002ರ ಮಾರ್ಚಿನಲ್ಲಿ ಪಾರ್ಕಿನಲ್ಲಿ ಪಟ ಹಾರಿಸುವಾಗ ತುಟಿಯ ಒಂದು ಕಡೆ ಸಣ್ಣ ನಗು ಬಂದು ಹೋಗುತ್ತದೆ, ಅಷ್ಟೇ. ಅದರಿಂದ ಎಲ್ಲಾ ಸರಿಹೋಗಲಿಲ್ಲ ಅಂತ ಅಮೀರ್ ತಾನೇ ಹೇಳುತ್ತಾನೆ.

ಮೈಸೂರಿನಲ್ಲಿ ಕೂತು ಇದನ್ನೆಲ್ಲ ಬರೆಯುವಾಗ ಕುವೆಂಪು ನೆನಪಾಗದೆ ಇರುವುದಿಲ್ಲ. 1949ರಲ್ಲಿ ಬಂದ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಅವರು ಪಾಪಿಗೂ ಉದ್ಧಾರ ಇದೆ, ಸೃಷ್ಟಿಯ ಕಟ್ಟಣೆಯಲ್ಲೇ ಅದಕ್ಕೆ ಜಾಗ ಇದೆ ಅನ್ನುತ್ತಾರೆ. ಅವರ ರಾವಣನ ಮನಸ್ಸೂ ಕೊನೆಗೆ ತಿರುಗುತ್ತದೆ, ಸೀತೆಯನ್ನು ತಾಯಿಯಾಗಿ ಕಾಣುತ್ತಾನೆ. ದೊಡ್ಡ ಮಾತು ಅದು, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಬದಲಾವಣೆ ಆಗುವುದು ಪಾಪಿಯ ಒಳಗೆ. ಅಮೀರ್‌ನ ಒಳಗೆ 26 ವರ್ಷ ಕುದಿಯುತ್ತಲೇ ಇತ್ತು, ಹೊರಗೆ ಒಂದು ಹುಲ್ಲುಕಡ್ಡಿ ಅಲ್ಲಾಡಲಿಲ್ಲ. ಹಾಗಾಗಿ ಹಸನ್ ಸತ್ತ ಮೇಲೆ ತೀರುವುದು ಹೇಗೆ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹಸನ್‌ನ ಲೆಕ್ಕದಲ್ಲಿ ತೀರುವುದಿಲ್ಲ. ಅವನಿಗೆ ಇಷ್ಟವಾಗಿದ್ದ, ಶಾಹನಾಮೆ ಅನ್ನುವ ಪರ್ಷಿಯನ್ ಮಹಾಕಾವ್ಯದ ರುಸ್ತುಂ-ಸೊಹ್ರಾಬ್ ಕಥೆಯಲ್ಲೂ ಅಷ್ಟೇ, ತನ್ನ ಮಗ ಅಂತ ಗೊತ್ತಿಲ್ಲದೆ ರುಸ್ತುಂ ಕೊಂದ ಹುಡುಗ ಸತ್ತೇ ಹೋಗುತ್ತಾನೆ. ನಮ್ಮ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬಭ್ರುವಾಹನ ಕೊಂದ ಅರ್ಜುನ ಮತ್ತೆ ಎದ್ದು ಕೂರುತ್ತಾನೆ, ಶಾಹನಾಮೆಯಲ್ಲಿ ಹಾಗಿಲ್ಲ. ಹಸನ್ ತನ್ನ ಮಗನಿಗೆ ಆ ಹೆಸರೇ ಇಟ್ಟದ್ದು ಸುಮ್ನೆ ಅಲ್ಲ.

ಒಂದು ತಕರಾರು ಹೇಳದೆ ಮುಂದೆ ಹೋದರೆ ನನ್ನ ಉತ್ತರ ಪೂರ್ತಿಯಾಗುವುದಿಲ್ಲ. ಇಲ್ಲಿ ನಾವು ಕೆಲವರು ಸೇರಿ ಓದುವಾಗ ಒಬ್ಬ ಹುಡುಗ ಕೇಳಿದ, ಅವನ ತಾತ ಮಂಡ್ಯ ಕಡೆ ಗೌಡರ ಮನೆಯಲ್ಲಿ ಜೀತಕ್ಕಿದ್ದವರು: "ಸಾರ್, ಹಸನ್‌ಗೆ ಒಂದು ಸಲನಾದ್ರೂ ಕೋಪ ಯಾಕೆ ಬರಲ್ಲ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇಡೀ ಕಾದಂಬರಿಯಲ್ಲಿ ಹಸನ್ ನಮಗೆ ಕಾಣುವುದು ಅಮೀರ್‌ನ ನೆನಪಿನಲ್ಲಿ, ರಹೀಮ್ ಖಾನ್‌ನ ಮಾತಿನಲ್ಲಿ, ಒಂದು ಕಾಗದದಲ್ಲಿ. ಆ ಕಾಗದದಲ್ಲೂ ಬೈಗುಳ ಇಲ್ಲ, ಪ್ರೀತಿಯೇ. ಅಷ್ಟು ಒಳ್ಳೆಯವನಾಗಿದ್ದರಿಂದ ಅಮೀರ್‌ನ ಕೊರಗಿಗೆ ಅವನು ಅನುಕೂಲವಾದ. ಒಡೆಯನ ಮನಸ್ಸು ತಿಳಿಯಾಗಲಿ ಅಂತ ಆಳು ಕೊನೆತನಕ ಒಳ್ಳೆಯವನಾಗಿಯೇ ಇರಬೇಕು, ಅವರ ಬಂಗಲೆ ಕಾಯುತ್ತಲೇ ಸಾಯಬೇಕು ಅನ್ನುವುದು ನನಗೂ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ನಂಜನಗೂಡು ಕಡೆಯ ದೇವನೂರ ಮಹಾದೇವರ 'ಒಡಲಾಳ' ಓದಿದವರಿಗೆ ಈ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ. ಅಲ್ಲಿ ಸಾಕವ್ವ ಕಳೆದುಹೋದ ಹುಂಜಕ್ಕೆ ಹಾಕುವ ಶಾಪ, ಬೈಗುಳ, ಹಟ ಎಲ್ಲಾ ಅವಳದೇ. ಯಾರ ಆತ್ಮಕ್ಕೂ ಶಾಂತಿ ಕೊಡೋಕೆ ಅವಳು ಅಲ್ಲಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಿಮ್ಮ ಓಲೆ ವಿಷಯಕ್ಕೆ ಬರುತ್ತೇನೆ. ಓಲೆಯನ್ನು ನಾಲೆಗೆ ಹಾಕಿದ್ದು ಆರನೇ ಕ್ಲಾಸಿನ ಹುಡುಗಿ. ಅವಳನ್ನು ನಾನು ಬೈಯುವುದಿಲ್ಲ. ಆದರೆ ಅಮ್ಮ 'ಓಲೆ ಕದ್ದವಳು' ಅನ್ನುವಾಗ ಈಗಲೂ ಪಕ್ಕದಲ್ಲಿ ಸುಮ್ಮನೆ ಕೂತಿರುವವರು ದೊಡ್ಡವರಾದ ನೀವು, ಅಲ್ವಾ?

ಮೈಸೂರಿನ ಬಸ್ ಹತ್ತುವುದು ಆಮೇಲೆ. ಮೊದಲು ಮನೆಯಲ್ಲಿ ಹೇಳಿ. ಅವಳ ಹೆಸರು ಕೆಟ್ಟದ್ದು ಎಲ್ಲೋ ಅಲ್ಲೇ ಅದನ್ನು ಸರಿಮಾಡಬೇಕು: ನಿಮ್ಮ ಅಮ್ಮನ ಹತ್ತಿರ, ಅಣ್ಣತಮ್ಮಂದಿರ ಹತ್ತಿರ, ಆಗ ಆ ಮಾತು ಊರಲ್ಲಿ ಆಡಿದ ಚಿಕ್ಕಮ್ಮ ದೊಡ್ಡಮ್ಮಂದಿರ ಹತ್ತಿರ. ಅಮ್ಮನಿಗೆ ವಯಸ್ಸಾಗಿದೆ, ಈಗ ಯಾಕೆ ಅಂತ ನಿಮಗೆ ಅನ್ನಿಸಬಹುದು. ಅಮೀರ್‌ನ ಅಪ್ಪ ಸತ್ತದ್ದು ಹಸನ್ ವಾಚು ಕದ್ದ ಅನ್ನುವ ಮಾತು ಹಾಗೇ ಉಳಿದುಕೊಂಡು. ಆಮೇಲೆ ಅದನ್ನು ಸರಿಮಾಡೋಕೆ ಯಾರಿಂದಲೂ ಆಗಲಿಲ್ಲ. ನಿಮಗೆ ಇನ್ನೂ ಸಮಯ ಇದೆ. ಗೆಳತಿ ಮುಂದೆ ಅತ್ತು ಬರುವುದು ಸುಲಭ, ಮನೆಯವರ ಮುಂದೆ ಹೇಳುವುದು ಕಷ್ಟ. ನಿಮ್ಮ ಪತ್ರದಲ್ಲಿ ಮನೆಯವರಿಗೆ ಹೇಳಲಾ ಅನ್ನುವ ಪ್ರಶ್ನೆಯೇ ಇಲ್ಲ, ಹೋಗಲಾ ಅನ್ನುವುದಷ್ಟೇ ಇದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆಮೇಲೆ ಅವಳು. ಹೇಳದೆ ಕೇಳದೆ ಬಾಗಿಲ ಮುಂದೆ ಹೋಗಿ ನಿಲ್ಲಬೇಡಿ. ಗೊತ್ತಿರುವವರ ಕೈಲಿ, ಇಂಥವರು ನಿಮ್ಮನ್ನು ನೋಡಬೇಕು ಅಂತಿದ್ದಾರೆ, ಓಲೆ ಅವರಿಗೇ ಸಿಕ್ಕಿತ್ತಂತೆ, ಮನೆಯಲ್ಲೂ ಹೇಳಿದ್ದಾರೆ ಅಂತ ಹೇಳಿಸಿ. ಅಷ್ಟು ಅವಳಿಗೆ ತಲುಪಿದರೆ ಮುಖ್ಯವಾದದ್ದು ತಲುಪಿದ ಹಾಗೆ. ನೋಡೋದು ಬಿಡೋದು ಅವಳಿಷ್ಟ. ಹೋಗುವುದಾದರೆ ಸೀರೆ, ದುಡ್ಡು ಹಿಡಿದುಕೊಂಡು ಹೋಗಬೇಡಿ, ಮತ್ತೆ ತಪ್ಪುಕಾಣಿಕೆ ಆಗಿಬಿಡುತ್ತದೆ. ಅವಳೇ ನಿಮ್ಮನ್ನು ಸಮಾಧಾನ ಮಾಡಬೇಕಾದ ಹಾಗೆ ಅಳಬೇಡಿ. ಬೈದರೆ ಬೈಸಿಕೊಳ್ಳಿ, ನಾವು ಆಗ ಚಿಕ್ಕವರು ಅಂತ ಶುರುಮಾಡಬೇಡಿ. ಅವಳ ತಾಯಿ ಇದ್ದಾರಾ ಕೇಳಿ. ಕೆಲಸ ಹೋದದ್ದು ಅವರದು, ಬೇರೆ ಮನೆಯವರು ಕೆಲಸ ಕೊಡದೆ ಇದ್ದಿರಬಹುದು, ಮಗಳಿಗಿಂತ ಅವರಿಗೆ ಜಾಸ್ತಿ ಪೆಟ್ಟು ಬಿದ್ದಿರಬಹುದು.

ಮಗಳಿಗೆ ಪುಸ್ತಕ ಕೊಡಿ. ಪಿಯುಸಿ ಹುಡುಗಿಗೆ ಕೊಡಬಾರದ್ದು ಅಲ್ಲ. ಏಳನೇ ಅಧ್ಯಾಯದ ಗಲ್ಲಿಯ ಸಂಗತಿ, ಕೊನೆಯ ಹತ್ತಿರದ ಆತ್ಮಹತ್ಯೆ ಪ್ರಯತ್ನ, ಈ ಎರಡನ್ನೂ ಮೊದಲೇ ಹೇಳಿ ಕೊಡಿ, ಬೇಡ ಅನ್ನಿಸಿದರೆ ಅಲ್ಲೇ ನಿಲ್ಲಿಸಲಿ. ಇನ್ನು ಓಲೆ ವಿಷಯವನ್ನು ಅಮ್ಮನಿಗೆ ಹೇಳುವ ದಿನ ಅವಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಅಜ್ಜಿ ಬಾಯಲ್ಲಿ ಆ ಮಾತು ಅವಳೂ ಕೇಳಿಯೇ ಇರುತ್ತಾಳೆ.